ದುಡಿಮೆಯ ನೆಲೆಯಲ್ಲಿ ವಿಶ್ವಾಸ: 1918ರ ಅಹಮದಾಬಾದಿನ ಗಿರಣಿ ವ್ಯಾಜ್ಯದ ವಿವೇಚನೆ

ಕಾರ್ಖಾನೆಯಲ್ಲಾಗಲಿ, ಕಚೇರಿಯಲ್ಲಾಗಲಿ, ವಿದ್ಯಾಲಯದಲ್ಲಾಗಲಿ ಹಲವರು ಕೂಡಿ ದುಡಿಯುವಾಗ ಅವರನ್ನು ಹಿಡಿದು ನಿಲ್ಲಿಸುವ ಬಂಧವು ಪರಸ್ಪರ ವಿಶ್ವಾಸವೆಂದು ನಾವೆಲ್ಲರೂ ಹೇಳುತ್ತೇವೆ. ಆದರೆ ಆ ವಿಶ್ವಾಸವು ಹೇಗೆ ಹುಟ್ಟುತ್ತದೆ, ಯಾವುದರಿಂದ ಕೆಡುತ್ತದೆ, ಯಾವುದರ ಆಸರೆಯಿಂದ ಬಾಳುತ್ತದೆ ಎಂಬುದನ್ನು ಹೇಳುವುದು ಅಷ್ಟು ಸುಲಭವಲ್ಲ. ಇತಿಹಾಸದ ಅಭ್ಯಾಸಿಗಳಾದ ನಾವು ಈ ಪ್ರಶ್ನೆಯನ್ನು ನಡೆದ ಒಂದು ಸಂಗತಿಯ ಮೂಲಕವೇ ಪರೀಕ್ಷಿಸುವುದು ಯುಕ್ತ. 1918ರಲ್ಲಿ ಅಹಮದಾಬಾದಿನ ಬಟ್ಟೆ ಗಿರಣಿಗಳಲ್ಲಿ ಉಂಟಾದ ವ್ಯಾಜ್ಯವನ್ನು ಈ ಉದ್ದೇಶದಿಂದ ಇಲ್ಲಿ ಆರಿಸಿಕೊಂಡಿದ್ದೇವೆ.

1917ರಲ್ಲಿ ಆ ನಗರದಲ್ಲಿ ಪ್ಲೇಗು ಹರಡಿದಾಗ, ಕೆಲಸಗಾರರು ಊರು ಬಿಟ್ಟು ಹೋಗದಿರಲೆಂದು ಗಿರಣಿಯ ಮಾಲಿಕರು ಕೂಲಿಯ ಜೊತೆಗೆ ವಿಶೇಷ ಭತ್ಯವನ್ನು ಕೊಡತೊಡಗಿದರು. ಕೆಲವರಿಗೆ ಅದು ಕೂಲಿಯ ಶೇಕಡ 70ನ್ನೂ ಮೀರಿತ್ತು. ಪಿಡುಗು ಇಳಿದ ಮೇಲೆ ಮಾಲಿಕರು ಅದನ್ನು ನಿಲ್ಲಿಸಲು ನಿಶ್ಚಯಿಸಿದರು. ಆದರೆ ಆಗ ಮಹಾಯುದ್ಧದ ಕಾಲ. ಪದಾರ್ಥಗಳ ಬೆಲೆ ಏರಿತ್ತು. ಭತ್ಯಕ್ಕೆ ಬದಲಾಗಿ ಶೇಕಡ 50ರಷ್ಟು ಹೆಚ್ಚಳ ಬೇಕೆಂದು ನೇಯ್ಗೆಯವರು ಕೇಳಿದರು. ಶೇಕಡ 20ಕ್ಕಿಂತ ಹೆಚ್ಚು ಕೊಡಲಾರೆವೆಂದು ಮಾಲಿಕರು ಹೇಳಿದರು. ಮಾಲಿಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕೆಲಸಗಾರರ ಪಕ್ಷದಲ್ಲಿ ನಿಂತವರು ಅವರ ಸೋದರಿ ಅನಸೂಯಾ ಸಾರಾಭಾಯಿ. ಗಾಂಧೀಜಿಯವರು ಇಬ್ಬರಿಗೂ ಆಪ್ತರು. ಅವರ ಆಶ್ರಮವು ಹಣವಿಲ್ಲದೆ ಕಂಗೆಟ್ಟಿದ್ದಾಗ ನೆರವಾದವರು ಅಂಬಾಲಾಲರೇ.

ವ್ಯಾಜ್ಯವನ್ನು ಪಂಚಾಯಿತಿಗೆ ಒಪ್ಪಿಸಲು ಮೊದಲು ಎರಡು ಕಡೆಯವರೂ ಸಮ್ಮತಿಸಿದ್ದರು. ಅಷ್ಟರಲ್ಲಿ ಕೆಲವು ಗಿರಣಿಗಳ ಕೆಲಸಗಾರರು ಆತುರಪಟ್ಟು ಕೆಲಸ ನಿಲ್ಲಿಸಿದರು. ತಪ್ಪು ತಮ್ಮ ಕಡೆಯದೆಂದು ಗಾಂಧೀಜಿಯವರು ಒಪ್ಪಿ ವಿಷಾದವನ್ನು ಸೂಚಿಸಿದರೂ ಮಾಲಿಕರು ಪಂಚಾಯಿತಿಯಿಂದ ಹಿಂದೆ ಸರಿದರು. ಫೆಬ್ರವರಿ 22ರಂದು ಗಿರಣಿಗಳಿಗೆ ಬೀಗಮುದ್ರೆ ಬಿದ್ದಿತು. ಕೊಟ್ಟ ಮಾತು ಒಂದು ಕಡೆಯಿಂದ ಸಡಿಲವಾದೊಡನೆ ಮತ್ತೊಂದು ಕಡೆಯೂ ಅದನ್ನು ಬಿಟ್ಟುಬಿಡುವುದು ಹೇಗೆಂಬುದಕ್ಕೆ ಇದೇ ನಿದರ್ಶನ.

ಆಮೇಲೆ ಗಾಂಧೀಜಿ ಮತ್ತು ಅವರ ಸಂಗಡಿಗರು ಕೂಲಿ, ಬೆಲೆ, ಮುಂಬಯಿಯ ಗಿರಣಿಗಳಲ್ಲಿ ಕೊಡುತ್ತಿದ್ದ ದರ ಇವುಗಳನ್ನೆಲ್ಲ ವಿಚಾರಿಸಿ, ಶೇಕಡ 35 ನ್ಯಾಯವಾದುದೆಂಬ ನಿರ್ಣಯಕ್ಕೆ ಬಂದರು. ಕೆಲಸಗಾರರ ಪರವಾಗಿ ನಿಂತವರು ಮೊದಲು ಮಾಡಿದ ಕೆಲಸವು ಕೆಲಸಗಾರರ ಬೇಡಿಕೆಯನ್ನೇ ಇಳಿಸಿದುದು! ಜನರನ್ನು ಹುರಿದುಂಬಿಸಿ ಮೆಚ್ಚಿಗೆ ಗಳಿಸುವುದು ಸುಲಭವಾಗಿತ್ತು. ತನ್ನವರಿಗೆ ಅಪ್ರಿಯವಾದ ಲೆಕ್ಕವನ್ನು ತನ್ನವರ ಮುಂದೆಯೇ ಇಟ್ಟು ಒಪ್ಪಿಸುವುದು ನಾಯಕತ್ವದ ಮೊದಲ ಪರೀಕ್ಷೆಯೆಂದು ನಾವು ಭಾವಿಸುತ್ತೇವೆ. ಶೇಕಡ 35 ದೊರೆಯುವವರೆಗೂ ಕೆಲಸಕ್ಕೆ ಹೋಗುವುದಿಲ್ಲ, ಯಾರನ್ನೂ ಹೊಡೆಯುವುದಿಲ್ಲ, ಮಾಲಿಕರ ಸ್ವತ್ತಿಗೆ ಹಾನಿ ಮಾಡುವುದಿಲ್ಲ ಎಂದು ಕೆಲಸಗಾರರು ಪ್ರತಿಜ್ಞೆ ಕೈಗೊಂಡರು.

ಸಾಬರಮತಿಯ ದಡದಲ್ಲಿ ಒಂದು ಜಾಲಿಮರದ ಕೆಳಗೆ ಪ್ರತಿದಿನವೂ ಸಭೆ ಸೇರುತ್ತಿತ್ತು. ಅಲ್ಲಿ ಕರಪತ್ರಗಳನ್ನು ಓದಿ ವಿವರಿಸುತ್ತಿದ್ದರು. ಆಶ್ರಮದ ಹೊಸ ಕಟ್ಟಡದ ತಳಪಾಯಕ್ಕೆ ಮರಳು ತುಂಬುವ ಕೆಲಸವನ್ನು ಬಿಡುವಾದವರಿಗೆ ಕೊಟ್ಟಾಗ, ಅನಸೂಯಾ ಅವರೂ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದರು. ಆದರೂ ಮಾರ್ಚಿ 12ರಂದು, ಶೇಕಡ 20ಕ್ಕೆ ಒಪ್ಪುವವರಿಗೆ ಗಿರಣಿಯ ಬಾಗಿಲು ತೆರೆದಿದೆಯೆಂದು ಮಾಲಿಕರು ಸಾರಿದಾಗ ಹಸಿದ ಜನರ ನಿರ್ಧಾರ ಅಲುಗಾಡಿತು. ನಾಯಕರಿಗೇನು, ಮೋಟಾರಿನಲ್ಲಿ ಬರುತ್ತಾರೆ, ಹೊಟ್ಟೆತುಂಬ ಉಣ್ಣುತ್ತಾರೆ ಎಂಬ ಕುಟುಕುಮಾತು ಕೇಳಿಬಂದಿತು. ಈ ಮಾತಿನಲ್ಲಿ ಕಹಿಯಿದ್ದರೂ ಸುಳ್ಳಿರಲಿಲ್ಲ. ಪ್ರತಿಜ್ಞೆಯ ಭಾರವೆಲ್ಲ ಕೆಲಸಗಾರನ ಮನೆಯ ಒಲೆಯ ಮೇಲೆ ಬಿದ್ದಿತ್ತು. ಮಾರ್ಚಿ 15ರಂದು ಗಾಂಧೀಜಿಯವರು ಉಪವಾಸವನ್ನು ಆರಂಭಿಸಿದರು.

ಆ ಉಪವಾಸದಿಂದ ಕೆಲಸಗಾರರಲ್ಲಿ ವಿಶ್ವಾಸ ಮರಳಿತು. ಆದರೆ ಅದರಲ್ಲಿ ದೋಷವೂ ಇತ್ತೆಂಬುದನ್ನು ಗಾಂಧೀಜಿಯವರೇ ಒಪ್ಪಿದ್ದಾರೆ: ತಮ್ಮ ಮೇಲೆ ಪ್ರೀತಿಯಿದ್ದ ಮಾಲಿಕರ ಮೇಲೆ ಅದು ಒತ್ತಾಯವಾಗಿ ಪರಿಣಮಿಸಿತು. ಮಾರ್ಚಿ 18ರಂದು ಒಪ್ಪಂದವಾಯಿತು. ಮೊದಲನೆಯ ದಿನ ಶೇಕಡ 35, ಎರಡನೆಯ ದಿನ ಶೇಕಡ 20, ಮೂರನೆಯ ದಿನದಿಂದ ಪಂಚರ ತೀರ್ಪು ಬರುವವರೆಗೆ ಇವೆರಡರ ನಡುವಣ ಶೇಕಡ 27½. ಹೊರನೋಟಕ್ಕೆ ಇದು ಮಕ್ಕಳಾಟದಂತೆ ಕಾಣಬಹುದು. ಆದರೆ ಮೊದಲ ದಿನ ಕೆಲಸಗಾರರ ಪ್ರತಿಜ್ಞೆ ಉಳಿಯಿತು, ಎರಡನೆಯ ದಿನ ಮಾಲಿಕರ ಮಾತು ಉಳಿಯಿತು. ಯಾರೂ ತಲೆ ತಗ್ಗಿಸಿ ಗಿರಣಿಯೊಳಕ್ಕೆ ಕಾಲಿಡಬೇಕಾಗಲಿಲ್ಲ. ನಾಳೆಯೂ ಒಂದೇ ಸೂರಿನಡಿಯಲ್ಲಿ ದುಡಿಯಬೇಕಾದವರಿಗೆ ಇದು ಅಲ್ಪ ಲಾಭವಲ್ಲ. ಪಂಚರಾದ ಪ್ರಾಧ್ಯಾಪಕ ಆನಂದಶಂಕರ ಧ್ರುವ ಅವರು ಆಗಸ್ಟಿನಲ್ಲಿ ಶೇಕಡ 35ನ್ನೇ ವಿಧಿಸಿದರು.

ಆದರೆ ಒಬ್ಬರ ಉಪವಾಸದ ಮೇಲೆ ಯಾವ ಉದ್ಯಮವೂ ನಿತ್ಯ ನಡೆಯಲಾರದು. 1920ರಲ್ಲಿ ಮಜೂರ್ ಮಹಾಜನ ಸಂಘವು ಸ್ಥಾಪಿತವಾಯಿತು. ‘ಮಹಾಜನ’ವೆಂಬುದು ಆ ನಗರದ ವರ್ತಕ ಶ್ರೇಣಿಗಳಿಗೆ ಹಿಂದಿನಿಂದ ಸಂದಿದ್ದ ಹೆಸರು, ವರ್ತಕರ ಗೌರವದ ಹೆಸರನ್ನೇ ಕೂಲಿಕಾರರು ಧರಿಸಿದರು. ವ್ಯಾಜ್ಯಗಳನ್ನು ಪಂಚಾಯಿತಿಯಿಂದ ಬಗೆಹರಿಸುವುದು ಅಲ್ಲಿ ಒಂದು ಪದ್ಧತಿಯಾಗಿ ಬೆಳೆಯಿತು. ಹಾಗೆಂದು ಕಲಹಗಳು ನಿಂತುಹೋಗಲಿಲ್ಲ. ಕೂಲಿಯ ಕಡಿತದ ವಿರುದ್ಧ 1923ರಲ್ಲಿಯೇ ದೊಡ್ಡ ಮುಷ್ಕರ ನಡೆಯಿತು. ಆದರೆ ಕಲಹವಾದಾಗ ಹೋಗಿ ಹೇಳಿಕೊಳ್ಳಲು ಒಂದು ಸ್ಥಾನವಿತ್ತು.

ಇಂಥ ಸಂಸ್ಥೆಗೂ ಜಡತೆ ತಪ್ಪದು. ಅದರ ಮಹಿಳಾ ವಿಭಾಗದಿಂದ ಇಳಾ ಭಟ್ಟರ ನಾಯಕತ್ವದಲ್ಲಿ 1972ರಲ್ಲಿ ‘ಸೇವಾ’ ಎಂಬ ಸ್ತ್ರೀ ಕಾರ್ಮಿಕರ ಸಂಘವು ಹುಟ್ಟಿತು. 1981ರಲ್ಲಿ ಗುಜರಾತಿನಲ್ಲಿ ಮೀಸಲಾತಿಯ ವಿರುದ್ಧ ಗಲಭೆಗಳಾದಾಗ ‘ಸೇವಾ’ ದಲಿತರ ಪರವಾಗಿ ನಿಂತಿತು. ಅದೇ ವರ್ಷ ಮಾತೃಸಂಸ್ಥೆಯು ಅದನ್ನು ಹೊರಹಾಕಿತು. ನೂಲುವ ವಿಭಾಗಗಳಲ್ಲಿ ದುಡಿಯುತ್ತಿದ್ದ ದಲಿತರನ್ನು ಬಹುಸಂಖ್ಯೆಯಲ್ಲಿ ಒಳಗೊಂಡು ಬೆಳೆದ ಸಂಸ್ಥೆಯೇ ಅವರ ಪರವಾದ ದನಿಯನ್ನು ಸಹಿಸದೆ ಹೋಯಿತು. ಆ ಗಿರಣಿಗಳಲ್ಲಿ ಹೆಚ್ಚಿನವು 1980 ಮತ್ತು 1990ರ ದಶಕಗಳಲ್ಲಿ ಮುಚ್ಚಿದವು. ‘ಸೇವಾ’ ಉಳಿದು ಬೆಳೆಯಿತು.

ಈ ವೃತ್ತಾಂತದಿಂದ ನಾವು ತಿಳಿಯಬೇಕಾದುದು ಇಷ್ಟು. ಮುಂದಾಳು ತನ್ನವರ ಕಷ್ಟದಲ್ಲಿ ತನ್ನ ಪಾಲನ್ನು ಹೊತ್ತಾಗ ವಿಶ್ವಾಸ ಹುಟ್ಟುತ್ತದೆ. ದುರ್ಬಲನೂ ನಿರ್ಭಯವಾಗಿ ದೂರಬಹುದಾದ ವ್ಯವಸ್ಥೆಯಿದ್ದರೆ ಅದು ಬಾಳುತ್ತದೆ. ಮೊದಲನೆಯದನ್ನು ಸಾಧಿಸಿ ಎರಡನೆಯದನ್ನು ಮರೆತ ಸಂಸ್ಥೆಗಳನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ನಮ್ಮ ವಿದ್ಯಾಲಯಗಳಲ್ಲಿ ಕಿರಿಯ ಅಧ್ಯಾಪಕನೊಬ್ಬನಿಗೆ, ಕಚೇರಿಯ ಜವಾನನೊಬ್ಬನಿಗೆ ಅನ್ಯಾಯವಾದರೆ ಅವನು ಯಾರ ಬಳಿಗೆ ಹೋಗಿ ಹೇಳಬಲ್ಲನೆಂಬುದನ್ನು ಕೇಳಿಕೊಂಡರೆ ಸಾಕು.