ಗಂಜಿಯ ಪೊರೆಯೂ ವಿದ್ಯುಚ್ಛಕ್ತಿಯ ಸಂಗ್ರಹವೂ

ಹತ್ತಿಯ ಸೀರೆಗೆ ಗಂಜಿ ಹಾಕುವದನ್ನರಿಯದ ಹಳೆಯ ವಿದ್ಯಾರ್ಥಿನಿಯರು ನಮ್ಮಲ್ಲಿ ವಿರಳ. ಗಂಜಿ ಕಾಯಿಸಿದ ಪಾತ್ರೆಯನ್ನು ತೊಳೆಯದೆ ಬಿಟ್ಟರೆ ಮರುದಿನ ಅದರ ಅಂಚಿನಲ್ಲಿ ತೆಳ್ಳಗಿನ ಪೊರೆಯೊಂದು ಒಣಗಿ ಏಳುವದು. ಅಂಥ ಪೊರೆಯ ಮೂಲಕ ವಿದ್ಯುತ್ತನ್ನು ಸಾಗಿಸಬಹುದೆಂದರೆ ವಾಚಕರು ನಕ್ಕಾರು. ಆದರೆ ಇಂದು ಅನೇಕ ಪ್ರಯೋಗಶಾಲೆಗಳಲ್ಲಿ ನಡೆಯುತ್ತಿರುವ ಕೆಲಸವು ಇದೇ.

1800ರಲ್ಲಿ ಇಟಲಿ ದೇಶದ ವೋಲ್ಟಾ ಎಂಬ ಪಂಡಿತನು ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು ಮೊದಲನೆಯ ಬ್ಯಾಟರಿಯನ್ನು ರಚಿಸಿದನು. ಎರಡು ಧ್ರುವಗಳೂ, ಅವುಗಳ ನಡುವೆ ಅಯಾನುಗಳೆಂಬ ವಿದ್ಯುದಂಶವುಳ್ಳ ಕಣಗಳು ಓಡಾಡುವದಕ್ಕೆ ಎಲೆಕ್ಟ್ರೋಲೈಟ್ ಎಂಬ ಪದಾರ್ಥವೂ ಇಲ್ಲದೆ ಬ್ಯಾಟರಿಯಾಗದು. ನಮ್ಮ ಮನೆಗಳ ಇನ್ವರ್ಟರಿನಲ್ಲಿ ಸಾಮಾನ್ಯವಾಗಿ ಅದು ನೀರು ಬೆರೆತ ಗಂಧಕಾಮ್ಲವು. ರಾಯಚೂರಿನ ಬೇಸಗೆಯು 40 ಡಿಗ್ರಿಯನ್ನು ಮೀರಿದಾಗ ಅದರ ನೀರು ಬೇಗ ಇಂಗುವದು. ನೀರು ತುಂಬಲು ಹೋಗಿ ಒಂದು ಹನಿ ಸಿಡಿದು ನನ್ನ ಒಳ್ಳೆಯ ಸೀರೆಯೊಂದು ತೂತಾದದ್ದುಂಟು. ಮೊಬೈಲ್ ಫೋನಿನ ಲಿಥಿಯಂ ಬ್ಯಾಟರಿಯಲ್ಲಾದರೋ ಆ ದ್ರವವು ಹೊತ್ತಿ ಉರಿಯುವಂಥಾದ್ದು. ಆದಕಾರಣ ಸೋರದಂಥ, ಬೇಗ ಹೊತ್ತಿಕೊಳ್ಳದಂಥ ಗಟ್ಟಿಯಾದ ಪೊರೆಯೊಂದನ್ನು ವಿಜ್ಞಾನಿಗಳು ಹುಡುಕತೊಡಗಿದರು.

ಉಪ್ಪು ಬೆರೆಸಿದ ಪಾಲಿಮರಿನಲ್ಲಿ ಅಯಾನುಗಳು ಚಲಿಸುವವೆಂಬದು 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಆ ಪಾಲಿಮರು ಕಾರ್ಖಾನೆಯಲ್ಲಿ ಮಾಡಿದ್ದು. ಅದರ ಬದಲಾಗಿ ಅಕ್ಕಿಯ ಪಿಷ್ಟ, ಹತ್ತಿಯ ಸೆಲ್ಯುಲೋಸ್, ಸೀಗಡಿಯ ಚಿಪ್ಪಿನ ಕೈಟೋಸಾನ್ ಮುಂತಾದವುಗಳನ್ನು ಬಳಸಬಹುದು. ಇವು ಕಾಲಕ್ರಮದಲ್ಲಿ ಮಣ್ಣಿನಲ್ಲಿ ಕರಗಿಹೋಗುವವು. ಮಾಡುವ ಬಗೆಯು ಅಡಿಗೆಮನೆಯದೇ. ಪಿಷ್ಟವನ್ನು ನೀರಿನಲ್ಲಿ ಕಾಯಿಸಿ, ಲವಣವನ್ನೂ ಪೊರೆ ಮೆತ್ತಗಿರಲೆಂದು ಸ್ವಲ್ಪ ಗ್ಲಿಸರಿನನ್ನೂ ಬೆರೆಸಿ, ತಟ್ಟೆಗೆ ಹೊಯ್ದು ಒಣಗಿಸುವದು. ಮಣಿಪಾಲದಲ್ಲಿಯೂ ಮಂಗಳೂರು ವಿಶ್ವವಿದ್ಯಾಲಯದಲ್ಲಿಯೂ ಪಾಲಿಮರಿನ ಇಂಥ ಪೊರೆಗಳ ಮೇಲೆ ಸಂಶೋಧನೆಗಳು ನಡೆದಿವೆ.

ಪಿಷ್ಟವೆಂದರೆ ಉದ್ದವಾದ ಅಣುಸರಗಳು. ಅವು ಅಲುಗಾಡುವಾಗ ಅಯಾನು ಒಂದು ಹಿಡಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಾ ಮುಂದುವರಿಯುವದು. ಸರಗಳು ಸಾಲಾಗಿ ಬಿಗಿದು ಹರಳುಗಟ್ಟಿದಲ್ಲಿ ಮಾತ್ರ ದಾರಿ ಮುಚ್ಚುವದು. 1998ರಲ್ಲಿ ರೋಮ್ ನಗರದ ವಿಜ್ಞಾನಿಗಳು ಪಾಲಿಮರಿಗೆ ಟೈಟಾನಿಯಂ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳ ಅತಿ ಸೂಕ್ಷ್ಮವಾದ ಪುಡಿಯನ್ನು ಸೇರಿಸಿ ಈ ಬಿಗಿತವನ್ನು ಸಡಿಲಿಸಿ ತೋರಿಸಿದರು. ಇವೇ ನ್ಯಾನೋಕಣಗಳು, ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಅವು ಸರಗಳ ನಡುವೆ ಹೊಕ್ಕು ಸಾಲು ಕೆಡಿಸುವವು. ಲವಣವು ಬಿಡಿಬಿಡಿಯಾದ ಅಯಾನುಗಳಾಗುವದಕ್ಕೂ ನೆರವಾಗುವವು. ಹೆಚ್ಚಾಗಿ ಹಾಕಿದರೆ ಗಂಟುಕಟ್ಟಿ ತಾವೇ ಅಡ್ಡಿಯಾಗುವವು. ಆದುದರಿಂದ ನೂರು ಪಾಲಿಗೆ ಕೆಲವೇ ಪಾಲು ಸಾಕು. ಒಗ್ಗರಣೆಯ ಇಂಗಿನ ಹದವೆಂದು ತಿಳಿದರೆ ತಪ್ಪಲ್ಲ.

ನಮ್ಮ ಸೀಮೆಗೆ ಇದರಲ್ಲಿ ಕುತೂಹಲದ ಸಂಗತಿಯೊಂದುಂಟು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಮಾನ್ವಿಯಲ್ಲಿ ಬತ್ತ ಬೆಳೆಯುವದು. ದೇವದುರ್ಗಕ್ಕೆ ನಾರಾಯಣಪುರದ ಕಾಲುವೆಯಿಂದ ಕೃಷ್ಣೆಯ ನೀರು ಬರುವದು. ಬತ್ತದ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಹೊಟ್ಟು. ಹೊಟ್ಟನ್ನು ಸುಟ್ಟರೆ ಅದರಲ್ಲಿ ಸುಮಾರು ಐದರಲ್ಲೊಂದು ಪಾಲು ಬೂದಿ. ಆ ಬೂದಿಯ ಬಹುಭಾಗವು ಸಿಲಿಕಾ. ಹೊಟ್ಟನ್ನು ಆಮ್ಲದಲ್ಲಿ ತೊಳೆದು ಹದವರಿತು ಸುಟ್ಟರೆ ನ್ಯಾನೋಕಣಗಳಷ್ಟು ನುಣುಪಾದ ಸಿಲಿಕಾ ದೊರೆಯುವದು. ಪೊರೆಗೆ ಬೇಕಾದ ಪಿಷ್ಟವು ಅಕ್ಕಿಯ ನುಚ್ಚಿನಲ್ಲಿ, ಪುಡಿಯು ಅದೇ ಬತ್ತದ ಹೊಟ್ಟಿನಲ್ಲಿ! ಗಿರಣಿಗಳ ಬೂದಿಯನ್ನು ಕಂಡು ಮೂಗು ಮುರಿಯುವವರು ಇದನ್ನು ನೆನೆಯಲಿ.

ಶಕ್ತಿನಗರದಲ್ಲಿ 1985ರಲ್ಲಿ ಆರಂಭವಾಗಿ 1720 ಮೆಗಾವಾಟಿಗೆ ಬೆಳೆದ ಸ್ಥಾವರವು ಕಲ್ಲಿದ್ದಲನ್ನು ಸುಡುವದು. ಬಿಸಿಲಿನ ವಿದ್ಯುತ್ತಾದರೋ ಸಂಜೆಗೆ ನಿಲ್ಲುವದು. ಮಕ್ಕಳು ಓದಲು ಕೂಡ್ರುವದು ಅದರ ಅನಂತರವೇ. ಕೂಡಿಡುವ ಸಾಧನಗಳು ಅಗ್ಗವೂ ನಿರಪಾಯವೂ ಆಗಬೇಕಾದ್ದು ಈ ಕಾರಣದಿಂದಲೇ. ಆದರೆ ಪಿಷ್ಟದ ಪೊರೆಯಿಂದ ಇನ್ವರ್ಟರನ್ನು ನಡೆಸುವ ದಿನವು ಇನ್ನೂ ಬಂದಿಲ್ಲ. ಅದರಲ್ಲಿ ಅಯಾನುಗಳ ಓಟವು ದ್ರವದಲ್ಲಿರುವದಕ್ಕಿಂತ ಬಹಳ ಮಂದ. ಪ್ರಯೋಗಗಳಲ್ಲಿ ಅದನ್ನು ಹೆಚ್ಚಾಗಿ ಇದ್ದಲಿನ ಧ್ರುವಗಳ ನಡುವೆ ಇಟ್ಟು ಸೂಪರ್‌ಕೆಪಾಸಿಟರ್ ಎಂಬ ಚಿಕ್ಕ ಸಂಗ್ರಾಹಕಗಳನ್ನು ಮಾಡುತ್ತಾರೆ. ಗಂಜಿ ಹಾಕಿದ ಸೀರೆಯು ಮಳೆಗಾಲದಲ್ಲಿ ಮೆತ್ತಗಾಗುವಂತೆ ಈ ಪೊರೆಯೂ ಗಾಳಿಯ ತೇವವನ್ನು ಹೀರಿ ಬಲಗುಂದುವದು. ಈ ದೋಷವನ್ನು ನೀಗಿಸುವ ಪ್ರಯತ್ನದಲ್ಲಿ ಸಂಶೋಧಕರು ಈಗ ತೊಡಗಿದ್ದಾರೆ.