ಹೈದರಾಲಿಯ ಹಡಗು ಸುಟ್ಟ ಅಡ್ಮಿರಲ್

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ನೀರು ಅಂದ್ರೆ ಕೆರೆ, ಬೋರ್‌ವೆಲ್, ಬಹಳ ಅಂದ್ರೆ ರಂಗಯ್ಯನದುರ್ಗದ ಡ್ಯಾಮು. ಹಡಗು ಕಂಡವರು ನಮ್ಮ ಕ್ಲಾಸಲ್ಲಿ ಯಾರೂ ಇಲ್ಲ. ಆದರೂ ಒಬ್ಬ ಹಡಗಿನ ಅಧಿಕಾರಿ ಬಗ್ಗೆ ಬರೆಯುತ್ತೇನೆ. ಯಾಕೆಂದರೆ ಅವನ ಕಥೆಯಲ್ಲಿ ನಮ್ಮ ದುರ್ಗ ಹಿಡಿದ ಹೈದರಾಲಿ ಬರುತ್ತಾನೆ.

ಅವನ ಹೆಸರು ಎಡ್ವರ್ಡ್ ಹ್ಯೂಸ್. 1735ರಲ್ಲಿ ಇಂಗ್ಲೆಂಡಿನ ನೌಕಾಪಡೆ ಸೇರಿದ. ಹಗ್ಗ, ಹಾಯಿ, ಗಾಳಿ, ನಕ್ಷತ್ರ ಎಲ್ಲಾ ಹಡಗಿನಲ್ಲೇ ಕಲಿಯೋದು. 1740ರಲ್ಲಿ ಲೆಫ್ಟಿನೆಂಟ್ ಆದ. 1748ರಲ್ಲಿ ಕ್ಯಾಪ್ಟನ್, ಅಂದರೆ ಒಂದು ಹಡಗಿಗೆ ಯಜಮಾನ. ಹಲವು ಹಡಗುಗಳ ಯಜಮಾನನಾದ ರಿಯರ್ ಅಡ್ಮಿರಲ್ ಆಗೋಕೆ 1778ರ ತನಕ ಕಾಯಬೇಕಾಯ್ತು. 30 ವರ್ಷ! ಅಲ್ಲೂ ಸೀನಿಯಾರಿಟಿ ಪ್ರಕಾರವೇ ಬಡ್ತಿ, ನಮ್ಮ ಮೇಷ್ಟ್ರುಗಳಿಗೆ ಇದು ಅರ್ಥವಾಗುತ್ತೆ.

1779ರಲ್ಲಿ ಹೈದರಾಲಿ ಚಿತ್ರದುರ್ಗ ಗೆದ್ದು ಮದಕರಿನಾಯಕನನ್ನು ಸೆರೆ ಹಿಡಿದ. ಮರುವರ್ಷ ಇಂಗ್ಲಿಷರ ಮೇಲೆ ದಂಡೆತ್ತಿ ಹೋಗಿ ಪೊಳ್ಳಿಲೂರಿನಲ್ಲಿ ಅವರನ್ನು ಸೋಲಿಸಿದ. ನೆಲದ ಮೇಲೆ ಇಷ್ಟು ಗೆದ್ದವನು ಸಮುದ್ರದಲ್ಲಿ ಸೋತ. ಅದು 1780ರ ಡಿಸೆಂಬರ್ 8, ಮಂಗಳೂರಿನ ಮುಂದೆ.

ಅಲ್ಲಿ ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವ ಬಾಯಲ್ಲಿ ಮರಳಿನ ದಿಬ್ಬ ಇದೆ. ಭಾರದ ಹಡಗು ಒಳಗೆ ಬಂದರೆ ತಳ ತಾಗಿ ಕೂತುಬಿಡುತ್ತೆ. ಅದಕ್ಕೇ ಹೈದರನ ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕಿದ್ದವು. ಹ್ಯೂಸ್‌ನ ಹಡಗುಗಳು ಇನ್ನೂ ದೊಡ್ಡವು, ಅವೂ ದಡದ ಹತ್ತಿರ ಬರೋಹಾಗಿಲ್ಲ. ಅವನು ಹುಟ್ಟು ಹಾಕುವ ಸಣ್ಣ ದೋಣಿಗಳಲ್ಲಿ ನಾವಿಕರನ್ನು ಕಳಿಸಿದ. 28 ಫಿರಂಗಿಯದು ಒಂದು, 26 ಫಿರಂಗಿಯದು ಒಂದು, ಎರಡು ಹಡಗು ಸುಟ್ಟು ಹೋದವು. ಸಣ್ಣವೂ ಉಳಿಯಲಿಲ್ಲ. ಒಂದು ಹಡಗಿನವರು ಮಾತ್ರ ಇದ್ದಬದ್ದ ಸಾಮಾನೆಲ್ಲಾ ನೀರಿಗೆ ಎಸೆದು, ಹಗುರ ಮಾಡಿಕೊಂಡು, ದಿಬ್ಬ ದಾಟಿ ಒಳಗೆ ನುಗ್ಗಿದರು. ಹಳ್ಳದ ಮರಳಲ್ಲಿ ಗಾಡಿ ಹೂತರೆ ಶೇಂಗಾ ಚೀಲ ಇಳಿಸ್ತೀವಲ್ಲ, ಹಾಗೆ. ನನಗೆ ಅಡ್ಮಿರಲ್‌ಗಿಂತ ಇವರೇ ಇಷ್ಟ.

ಕುದುರೆ ಸತ್ತರೆ ಬೇರೆ ಕುದುರೆ ತರಬಹುದು. ಹಡಗಿಗೆ ಮರ ಕಡಿಯಬೇಕು, ಒಣಗಿಸಬೇಕು, ಬಡಗಿಗಳು ಬೇಕು, ವರ್ಷಗಟ್ಟಲೆ ಕೆಲಸ. ಹಾಗಾಗಿ ಸಮುದ್ರದಲ್ಲಿ ಹೈದರನಿಗೆ ಫ್ರೆಂಚರೇ ಗತಿಯಾದರು. ಅವರ ಅಡ್ಮಿರಲ್ ಸಫ್ರೆನ್ 1782ರ ಜುಲೈನಲ್ಲಿ ಹೈದರನನ್ನು ಭೇಟಿಯಾದ. 1782-83ರಲ್ಲಿ ಹ್ಯೂಸ್‌ಗೂ ಸಫ್ರೆನ್‌ಗೂ 5 ಯುದ್ಧ ನಡೆದವು. ಜನ ಬಹಳ ಸತ್ತರು, ಆದರೆ ಒಬ್ಬರ ದೊಡ್ಡ ಹಡಗನ್ನು ಇನ್ನೊಬ್ಬರು ಹಿಡಿಯೋಕಾಗಲಿಲ್ಲ. ಅಷ್ಟರಲ್ಲಿ, 1782ರ ಡಿಸೆಂಬರಿನಲ್ಲಿ, ಹೈದರಾಲಿ ತೀರಿಹೋಗಿದ್ದ.

ಹ್ಯೂಸ್ ಊರಿಗೆ ಮರಳಿ 1794ರಲ್ಲಿ ಸತ್ತ. ಇಂಡಿಯಾದಲ್ಲಿ ಬಹಳ ದುಡ್ಡು ಮಾಡಿದ್ದ, ಅದರಲ್ಲಿ ದಾನಧರ್ಮವನ್ನೂ ಮಾಡಿದನಂತೆ.