ಕೌದಿಯೂ ಬಟ್ಟೆಯ ರಾಶಿಯೂ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯು (ಹಾಸನ ಸೀಮೆಯ ಅದೇ ಹೆಸರಿನ ಊರು ಬೇರೆ) ರಾಗಿ, ದ್ರಾಕ್ಷಿ, ಹಿಪ್ಪುನೇರಳೆಗಳನ್ನು ಬೆಳೆಯುವ ನಾಡು. ಅದೇ ತಾಲ್ಲೂಕಿನ ವಿಜಯಪುರವು ರೇಷ್ಮೆಗೂಡಿನ ವ್ಯಾಪಾರಕ್ಕೆ ಹೆಸರಾದುದು. ನೆರೆಯ ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳು ರೇಷ್ಮೆಯ ಹಾಗೂ ಕೃತಕ ರೇಷ್ಮೆಯ ಸೀರೆಗಳನ್ನು ನೇಯುತ್ತಿವೆ. ಅಲ್ಲಿಯೇ ಸಿದ್ಧ ಉಡುಪಿನ ಕಾರ್ಖಾನೆಗಳೂ ಎದ್ದಿವೆ. ಹೀಗೆ ಎಲೆ, ಗೂಡು, ನೂಲು, ಸೀರೆ, ಅಂಗಿ ಎಂಬ ವಸ್ತ್ರದ ಅವಸ್ಥೆಗಳೆಲ್ಲವೂ ಒಂದು ಹಗಲಿನ ಪ್ರಯಾಣದಲ್ಲಿ ಕಾಣಸಿಗುತ್ತವೆ. ಕಾಣದೆ ಉಳಿಯುವುದು ಕಟ್ಟಕಡೆಯ ಅವಸ್ಥೆಯೊಂದೇ: ಎಸೆದ ಬಟ್ಟೆ ಎಲ್ಲಿಗೆ ಹೋಗುತ್ತದೆ? ಈಚಿನ ಕಲೆಯು ಕೈಗೆತ್ತಿಕೊಂಡಿರುವುದು ಈ ಪ್ರಶ್ನೆಯನ್ನು.

‘ಫಾಸ್ಟ್ ಫ್ಯಾಷನ್’ ಎಂಬ ಮಾತು 1990ರ ಸುಮಾರಿಗೆ ಬಳಕೆಗೆ ಬಂದಿತು. ಅಗ್ಗವಾಗಿ, ಅವಸರದಲ್ಲಿ ಹೊಲಿದು, ಕೆಲವೇ ವಾರಗಳಲ್ಲಿ ಹಳತೆನಿಸುವ ಉಡುಪನ್ನು ಮಾರುವ ಪದ್ಧತಿಯೆಂದು ಅದಕ್ಕೆ ಅರ್ಥ. ಒಂದು ಹತ್ತಿಯ ಅಂಗಿಗೆ ಬೆಳೆಯಿಂದ ಮೊದಲ್ಗೊಂಡು ಸುಮಾರು 2,700 ಲೀಟರ್ ನೀರು ಬೇಕೆಂದು ಲೆಕ್ಕವಿದೆ. ಇಂದು ಜಗತ್ತಿನಲ್ಲಿ ತಯಾರಾಗುವ ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪಾಲಿಯೆಸ್ಟರು, ಅಂದರೆ ಕಲ್ಲೆಣ್ಣೆಯಿಂದ ಹುಟ್ಟಿದುದು. ಒಗೆದಾಗಲೆಲ್ಲ ಅದರಿಂದ ಕಣ್ಣಿಗೆ ಕಾಣದ ಎಳೆಗಳು ಕಳಚಿ ನೀರಿಗೆ ಸೇರುತ್ತವೆ. ದೊಡ್ಡಬಳ್ಳಾಪುರದ ಕೆಳಗಣ ದೊಡ್ಡತುಮಕೂರು ಮೊದಲಾದ ಕೆರೆಗಳು ನಗರದ ಕೊಳಚೆಯಿಂದಲೂ ಕೈಗಾರಿಕೆಯ ನೀರಿನಿಂದಲೂ ಕೆಟ್ಟುವೆಂದು ಗ್ರಾಮಸ್ಥರು ಹೋರಾಡುತ್ತ ಬಂದಿರುವರಾದರೂ, ಆ ದೋಷವನ್ನೆಲ್ಲ ಉಡುಪಿನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ರೇಷ್ಮೆಯಾದರೂ ನಿರಪರಾಧಿಯೇನಲ್ಲ, ಗೂಡು ಬೇಯಿಸುವುದಕ್ಕೆ ನೀರೂ ಉರುವಲೂ ಬೇಕಷ್ಟೆ.

ಪಶ್ಚಿಮದ ಕಲಾವಿದರು ಈ ವಿಷಯವನ್ನು ರಾಶಿಯ ರೂಪದಲ್ಲಿ ತೋರಿಸಿದ್ದಾರೆ. ಇಟಲಿಯ ಮಿಕೆಲಾಂಜೆಲೊ ಪಿಸ್ತೊಲೆತ್ತೊ ಎಂಬವರು 1967ರಲ್ಲಿ ಪ್ರಾಚೀನ ಶೈಲಿಯ ವೀನಸ್ ದೇವಿಯ ವಿಗ್ರಹವನ್ನು ಹಳೆಬಟ್ಟೆಯ ಗುಡ್ಡೆಗೆ ಮುಖಮಾಡಿ ನಿಲ್ಲಿಸಿದರು. ಆಗಿನ್ನೂ ಮೇಲೆ ಹೇಳಿದ ಮಾತು ಹುಟ್ಟಿರಲಿಲ್ಲ. ಆದರೂ ಇಂದಿನ ನೋಡುಗನಿಗೆ ಆ ಕೃತಿಯು ಬೇರೆ ಅರ್ಥವನ್ನು ಕೊಡದಿರದು. ನಮ್ಮ ಮತಕ್ಕೆ ಇದಕ್ಕಿಂತಲೂ ತೂಕವುಳ್ಳದ್ದು ಕೆನ್ಯ ದೇಶದ ನೈರೋಬಿಯ ‘ನೆಸ್ಟ್ ಕಲೆಕ್ಟಿವ್’ ಎಂಬ ತಂಡದ ಕೃತಿ. ಶ್ರೀಮಂತ ದೇಶಗಳು ಉಟ್ಟು ಬಿಟ್ಟ ಬಟ್ಟೆಗಳು ಪೂರ್ವ ಆಫ್ರಿಕಕ್ಕೆ ಮೂಟೆಮೂಟೆಯಾಗಿ ಬರುತ್ತವೆ. ಅವುಗಳಿಗೆ ಅಲ್ಲಿ ‘ಮಿತುಂಬಾ’ ಎಂದು ಹೆಸರು. 2022ರಲ್ಲಿ ಜರ್ಮನಿಯ ಕಾಸೆಲ್ ನಗರದ ಪ್ರದರ್ಶನದಲ್ಲಿ ಈ ತಂಡವು ಅಂತಹ ಮೂಟೆಗಳನ್ನೇ ಗೋಡೆಯಾಗಿ ಒಟ್ಟಿ, ಹಸುರು ಉದ್ಯಾನದ ನಡುವೆ ಒಂದು ಮನೆಯನ್ನು ಕಟ್ಟಿ, ‘ಕಳುಹಿಸಿದವರಿಗೇ ಹಿಂದಕ್ಕೆ’ ಎಂಬ ಭಾವದ ಹೆಸರನ್ನಿಟ್ಟಿತು. ಇಲ್ಲಿ ಉಪಮಾನವಿಲ್ಲ, ವಸ್ತುವೇ ಸಾಕ್ಷಿ.

ನಮ್ಮ ನಾಡಿನಲ್ಲಿ ಹಳೆಬಟ್ಟೆಯ ಕಲೆಯು ರಾಶಿಯಾಗಿ ಅಲ್ಲ, ಹೊದಿಕೆಯಾಗಿ ಬೆಳೆಯಿತು. ಉತ್ತರ ಕರ್ನಾಟಕದ ಕೌದಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಸಿದ್ದಿ ಸ್ತ್ರೀಯರು ಹೊಲಿಯುವ ‘ಕವಂದಿ’ಯು ಈ ಕುಲದ ಅತ್ಯಂತ ಸ್ವತಂತ್ರವಾದ ಶಾಖೆ. ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಒಂದು ಮೂಲೆಯಲ್ಲಿ ಹೊಲಿಗೆಯನ್ನು ಆರಂಭಿಸಿ, ಅಂಚಿನ ಗುಂಟ ಸುತ್ತುತ್ತ, ಚೂರುಗಳನ್ನು ಮಡಿಸಿ ಇಡುತ್ತ ನಡುವಿಗೆ ಬಂದು ಮುಗಿಸುವುದು ಅವರ ಕ್ರಮ. ಮೊದಲೇ ಬರೆದುಕೊಂಡ ನಕ್ಷೆಯಿಲ್ಲ. ಕೈಗೆ ಸಿಕ್ಕಿದ ಚೂರಿನ ಬಣ್ಣವೇ ಮುಂದಿನ ಚೂರಿನ ಬಣ್ಣವನ್ನು ಕರೆಯುತ್ತದೆ. ಕ್ರೈಸ್ತರ ಕವಂದಿಗಳಲ್ಲಿ ಶಿಲುಬೆಯೂ ಮುಸಲ್ಮಾನರವುಗಳಲ್ಲಿ ಅರ್ಧಚಂದ್ರವೂ ಕಾಣುವುದುಂಟು. ನಾಲ್ಕು ಮೂಲೆಗಳಿಗೆ ಮಡಿಸಿದ ತ್ರಿಕೋನದ ಚೂರುಗಳನ್ನು ‘ಫೂಲ’ವೆಂದು ಹೊಲಿಯುವರು, ಹೂವಿಲ್ಲದ ಕವಂದಿಯು ಬತ್ತಲೆಯೆಂದು ಅವರ ಭಾವನೆ. ಅಮೆರಿಕದ ಕಲಾ ಇತಿಹಾಸಜ್ಞ ಹೆನ್ರಿ ಡ್ರೂವಲ್ ಅವರು ಈ ಸಂಗತಿಗಳನ್ನು ದಾಖಲಿಸಿದ್ದಾರೆ. ಅವರ ನೆರವಿನಿಂದ 2004ರಲ್ಲಿ ಈ ಸ್ತ್ರೀಯರ ಸಹಕಾರ ಸಂಘವೂ ಏರ್ಪಟ್ಟಿತು.

ಇಂತಹ ಕೃತಿಗಳನ್ನು ಕಂಡು, ಉಡುಪಿನ ತ್ಯಾಜ್ಯಕ್ಕೆ ಕೌದಿಯೇ ಪರಿಹಾರವೆಂದು ಹೊಗಳುವುದು ಈಚೆಗೆ ರೂಢಿಯಾಗಿದೆ. ಈ ಹೊಗಳಿಕೆಯು ವಿಚಾರಕ್ಕೆ ನಿಲ್ಲುವುದಿಲ್ಲ. ಕೌದಿಯು ಕಸದಿಂದ ಹುಟ್ಟಿದುದಲ್ಲ, ಸವೆತದಿಂದ ಹುಟ್ಟಿದುದು. ಸೀರೆಯು ಹತ್ತಾರು ವರ್ಷ ಮೈಗೂ ನೀರಿಗೂ ಬಿಸಿಲಿಗೂ ಒಗ್ಗಿ ಮೆತ್ತಗಾದ ಮೇಲೆಯೇ ಅದು ಕೌದಿಗೆ ಯೋಗ್ಯವೆನಿಸುತ್ತಿತ್ತು. ಹಳತಾಗುವುದೇ ಅದರ ಅರ್ಹತೆ. ಈಗಿನ ಉಡುಪಾದರೋ ಹಳತಾಗುವ ಮೊದಲೇ ತ್ಯಾಜ್ಯವಾಗುತ್ತದೆ. ಅಲ್ಲದೆ ಪಾಲಿಯೆಸ್ಟರು ಬೆವರನ್ನು ಹೀರದು, ಹತ್ತಿಯಂತೆ ಸವೆದು ಮೃದುವಾಗದು, ಸೂಜಿಯ ಕೆಳಗೆ ಜಾರುತ್ತದೆ. ಆದಕಾರಣ ಇನ್ನು ಮುಂದೆ ಹೊಲಿಯುವ ಕೌದಿಗಳು ಬಣ್ಣದಲ್ಲಿ ಹಿಂದಿನವನ್ನು ಮೀರಿಸಿದರೂ ಸ್ಪರ್ಶದಲ್ಲಿ ಬೇರೆಯೇ ವಸ್ತುವಾಗುವುವು. ವಸ್ತುಸಂಗ್ರಹಾಲಯದವರು ಕೌದಿಯ ವಿನ್ಯಾಸದೊಡನೆ ನಾರಿನ ಜಾತಿಯನ್ನೂ ಬರೆದಿಡುವುದು ಈ ಕಾರಣದಿಂದ ಅವಶ್ಯ. ಒಂದು ತಲೆಮಾರಿನ ಅಂತರದಲ್ಲಿ ನಮ್ಮ ಮನೆಗಳ ಬಟ್ಟೆಯು ಹೊಲದಿಂದ ಎಣ್ಣೆಬಾವಿಗೆ ಹೇಗೆ ಸರಿಯಿತೆಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಶಾಸನ ಸಿಕ್ಕಲಾರದು.

ಹೊಲವೂ ಸ್ಥಿರವಲ್ಲ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ವಿಮಾನೋದ್ಯಮಕ್ಕಾಗಿ ವಶಪಡಿಸಿಕೊಳ್ಳುವ ಯೋಜನೆಗೆ ವಿರುದ್ಧವಾಗಿ ರೈತರು 2022ರಿಂದ ಮೂರು ವರ್ಷಕ್ಕೂ ಮೀರಿ ಧರಣಿ ನಡೆಸಿದರು. 2025ರ ಜುಲೈ 15ರಂದು ಸರ್ಕಾರವು ಅದನ್ನು ಕೈಬಿಟ್ಟಿತು. ಆ ವಿವಾದಕ್ಕೆ ಉಡುಪು ಕಾರಣವಲ್ಲ. ಆದರೆ ಹಿಪ್ಪುನೇರಳೆಯ ತೋಟ ಹೋದ ಕಡೆ ಬಟ್ಟೆಯು ಅಂಗಡಿಯಲ್ಲಿಯೇ ಹುಟ್ಟುವ ವಸ್ತುವಾಗಿ ತೋರುವುದು ಸಹಜ.

ನಾಟಕ ನಿರ್ದೇಶಕರಾದ ಪ್ರಸನ್ನರು 1996ರಲ್ಲಿ ಹೆಗ್ಗೋಡಿನ ಬಳಿ ‘ಚರಕ’ ಸಂಸ್ಥೆಯನ್ನು ಕಟ್ಟಿ, ಕೈಮಗ್ಗದ ಹತ್ತಿಬಟ್ಟೆಗೆ ಅಡಿಕೆಯ ಚೊಗರು ಮೊದಲಾದ ಬಣ್ಣಗಳನ್ನು ಕೊಡಿಸಿದುದು ಕಲೆಗಾರನೊಬ್ಬನು ಈ ಪ್ರಶ್ನೆಗೆ ರಂಗದ ಹೊರಗೆ ಕೊಟ್ಟ ಉತ್ತರ. ಅಡಿಕೆ ಬೇಯಿಸಿ ಉಳಿದ ನೀರು ಅಲ್ಲಿ ಬಣ್ಣವಾಯಿತು.

ಸಾಹಿತ್ಯವನ್ನು ಬೋಧಿಸುವವರಿಗೆ ಇದರಿಂದ ಒಂದು ತೊಡಕು ಒದಗಿದೆ. ಮುದನೂರಿನ ಜೇಡರ ದಾಸಿಮಯ್ಯನು ನೇಯ್ದ ಬಟ್ಟೆಯನ್ನು ಜಂಗಮವೇಷದ ಶಿವನು ಬೇಡಿ ಪಡೆದು, ಅವನ ಕಣ್ಣೆದುರಿಗೇ ಹರಿದು ಚೂರುಮಾಡಿದನೆಂದೂ, ದಾಸಿಮಯ್ಯನು ಸಿಟ್ಟಾಗಲಿಲ್ಲವೆಂದೂ, ಅದಕ್ಕೆ ಮೆಚ್ಚಿ ಶಿವನು ತವನಿಧಿಯನ್ನು ಕರುಣಿಸಿದನೆಂದೂ ಕಥೆಯುಂಟಷ್ಟೆ. ಒಂದು ವಸ್ತ್ರದಲ್ಲಿ ಎಷ್ಟು ದಿನಗಳ ಮೈದುಡಿಮೆ ಅಡಗಿದೆಯೆಂದು ಬಲ್ಲ ಕೇಳುಗನಿಗೆ ಆ ಹರಿಯುವ ಸದ್ದು ಎದೆಗೆ ತಗಲುತ್ತಿತ್ತು. ಇಂದಿನ ವಿದ್ಯಾರ್ಥಿಯು ‘ಇನ್ನೊಂದನ್ನು ಕೊಳ್ಳಬಹುದಲ್ಲ’ ಎಂದುಕೊಂಡರೆ ತಪ್ಪು ಅವನದಲ್ಲ. ಅವನಿಗೆ ಆ ಕಥೆಯನ್ನು ಪಾಠ ಹೇಳುವ ಮುನ್ನ ಹಳೆಯ ಕೌದಿಯೊಂದನ್ನು ತಂದು, ಅದರ ಹೊಲಿಗೆಗಳನ್ನು ಎಣಿಸಿ ನೋಡೆಂದು ಅವನ ಕೈಗೆ ಕೊಡಬಹುದು.